ಹಗಲು ಮಲಗುವವನ ಮನೆ

ನನ್ನ ತಮ್ಮ ಬೇಕರಿಯಲ್ಲಿ ರಾತ್ರಿ ಪಾಳಿಯವನು. ಊರು ದೀಪ ಆರಿಸುವ ಹೊತ್ತಿಗೆ ಏಪ್ರನ್ ಕಟ್ಟುತ್ತಾನೆ, ಊರು ಹಲ್ಲುಜ್ಜುವ ಹೊತ್ತಿಗೆ ಮನೆಗೆ ಬಂದು ಹಾಸಿಗೆಗೆ ಬೀಳುತ್ತಾನೆ. ಬ್ರೆಡ್ಡಿಗೆ ಭಾನುವಾರ ಅಂತೇನೂ ಇಲ್ಲವಾದ್ದರಿಂದ ಅವನಿಗೂ ಇಲ್ಲ. ಮದುವೆಗೆ ಮುಂಚಿನಿಂದಲೂ ಇದೇ ಕತೆ. ಮಗಳು ಪುಟ್ಟಿಗೆ ಈಗ ಆರು ವರ್ಷ, ಮಗ ಗುಂಡನಿಗೆ ಮೂರು. ಅವೆರಡೂ ಹಗಲಿಡೀ ಏನು ಮಾಡುತ್ತವೆ ಎಂದು ಕೇಳಿದ್ದರೆ ಅವನಿಗೆ ಗೊತ್ತಿರಲಿಲ್ಲ. ತನಗೆ ಗೊತ್ತಿಲ್ಲ ಎಂಬುದೂ ಅವನಿಗೆ ಗೊತ್ತಿರಲಿಲ್ಲ.

ನಾನು ಅವನ ಮೇಲಿನ ಮಹಡಿಯಲ್ಲಿರುವ ಅಕ್ಕ. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ. ಅಳತೆ ತೆಗೆಯುವ ಕಣ್ಣು, ಆಡಿಕೊಳ್ಳುವ ಬಾಯಿ ಎರಡೂ ನನಗೆ ಒಟ್ಟಿಗೇ ಬಂದಿವೆ. ತಮ್ಮನನ್ನು ಒಂದು ಸಲವಾದರೂ ಆಡಿಕೊಳ್ಳದ ದಿನ ನನಗೆ ಊಟ ಸೇರುವುದಿಲ್ಲ. ಆದರೂ ಹೇಳಿಬಿಡುತ್ತೇನೆ, ಎಚ್ಚರವಿರುವಾಗ ಅವನಷ್ಟು ಸಾಧು ಮನುಷ್ಯ ನಮ್ಮ ಬೀದಿಯಲ್ಲಿ ಇನ್ನೊಬ್ಬನಿಲ್ಲ. ಮೈಮೇಲೆ ಕೂತ ಸೊಳ್ಳೆಯನ್ನೂ ಊದಿ ಕಳಿಸುತ್ತಾನೆ.

ಹೋದ ತಿಂಗಳು ಬೇಕರಿಯ ದೊಡ್ಡ ಒಲೆಯೊಳಗಿನ ಇಟ್ಟಿಗೆ ಕಳಚಿತು. ಹೊಸ ಇಟ್ಟಿಗೆ ಕೂರಿಸಿ, ಅದು ನಿಧಾನವಾಗಿ ಒಣಗಿದ ಮೇಲೆಯೇ ಬೆಂಕಿ ಹಾಕಬೇಕಂತೆ. ಸೋಮವಾರ ಹೇಗೂ ಸರ್ಕಾರಿ ರಜೆ. ಶನಿವಾರ, ಭಾನುವಾರ ಮನೆಯಲ್ಲಿರು, ಸೋಮವಾರ ರಾತ್ರಿ ಬಂದರೆ ಸಾಕು ಎಂದರು ಯಜಮಾನರು. ಅವನ ಹೆಂಡತಿಗೆ ಮಾತ್ರ ಬಿಡುವಿರಲಿಲ್ಲ. ಅವಳು ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಊರಿಗೆಲ್ಲ ಉದ್ದನೆಯ ರಜೆ ಬಂತೆಂದರೆ ಅವಳ ಕಿಟಕಿಯ ಮುಂದೆ ಜನ ಬೀದಿಯವರೆಗೆ ನಿಲ್ಲುತ್ತಾರೆ. ಹಾಗಾಗಿ ಮೂರು ದಿನ ಮಕ್ಕಳ ಜೊತೆ ಇವನೊಬ್ಬನೇ.

ಹೊರಡುವಾಗ ಅವಳು ಚಪ್ಪಲಿ ಹಾಕಿಕೊಳ್ಳುತ್ತಲೇ ಒಂದು ಮಾತು ಹೇಳಿ ಹೋದಳು.

"ಮಂಗಳವಾರ ಬೆಳಿಗ್ಗೆ ಪುಟ್ಟಿ ಕೈಲಿ ದೊಡ್ಡ ಮೇಡಂ ಮುಂದೆ ಓದಿಸ್ತಾರಂತೆ. ಕ್ಲಾಸಲ್ಲಿ ಬಾಯೇ ಬಿಡಲ್ಲ ಅಂತ ಟೀಚರ್ ಹೇಳಿದ್ರು. ಕೇಳೋ ಹಾಗೆ ಓದಿದ್ರೆ ಮುಂದಿನ ಕ್ಲಾಸು, ಇಲ್ದಿದ್ರೆ ಇನ್ನೊಂದು ವರ್ಷ ಅಲ್ಲೇ ಇರ್ಲಿ ಅಂತಾರೆ. ನಾಚಿಕೆ ಹುಡುಗಿ. ಹೆಂಗಾದ್ರೂ ಮಾಡಿ ಬಾಯಿ ಬಿಡಿಸಿ."

ಪುಟ್ಟಿಗೆ ಓದಲು ಬರುತ್ತದೆ. ಅಂಗಡಿ ಬೋರ್ಡು, ಸೋಪಿನ ಹೊದಿಕೆ, ನನ್ನ ದಾರದ ಡಬ್ಬಿ, ಕಣ್ಣಿಗೆ ಬಿದ್ದದ್ದೆಲ್ಲ ಓದುತ್ತಾಳೆ. ತುಟಿ ಅಲ್ಲಾಡುತ್ತದೆ, ದನಿ ಮಾತ್ರ ಹೊರಗೆ ಬರುವುದಿಲ್ಲ. ಕ್ಲಾಸಿನಲ್ಲಿ ಅವಳಿಗಿರುವುದು ಪಕ್ಕ ಕೂರುವ ಒಬ್ಬಳೇ ಗೆಳತಿ. ಆ ಹುಡುಗಿ ಮುಂದೆ ಹೋಗಿ ತಾನು ಹಿಂದುಳಿದರೆ ಏನು ಗತಿ ಎಂಬ ಚಿಂತೆ ಅವಳನ್ನು ಕೊರೆಯುತ್ತಿತ್ತು. "ಅತ್ತೆ, ಅವಳ ಪಕ್ಕ ಬೇರೆಯವರು ಕೂತ್ಕೋತಾರಾ?" ಎಂದು ನನ್ನ ಕಿವಿಯಲ್ಲಿ ಕೇಳಿದ್ದಳು. ನಾಚಿಕೆ ನಮ್ಮ ಅಮ್ಮನ ಕಡೆಯಿಂದ ಬಂದದ್ದು ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು.

ಶನಿವಾರ ನಾನು ಅಂಗಿಗಳಿಗೆ ಗುಂಡಿ ಹಚ್ಚುತ್ತಾ ಕೂತಿದ್ದಾಗ ತಮ್ಮ ಮೆಟ್ಟಿಲು ಹತ್ತಿ ಬಂದ.

"ಅಕ್ಕ, ನಮ್ಮ ಟಿವಿ ಕೆಟ್ಟಿದೆ. ಚಿತ್ರ ಬರುತ್ತೆ, ಸೌಂಡೇ ಇಲ್ಲ. ಪಾಪ, ಮಕ್ಕಳು ಹಂಗೇ ನೋಡ್ತಾ ಕೂತಿವೆ. ರಿಪೇರಿಯವನ ನಂಬರ್ ಇದ್ಯಾ?"

"ಕೆಟ್ಟಿಲ್ಲ ಕಣೋ. ಸೌಂಡು ಪೂರ್ತಿ ಇಳಿಸಿರ್ತಾರೆ."

"ಯಾಕೆ?"

ಯಾಕಂತೆ! ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವನ ಜೊತೆ ಇಳಿದು ಹೋದೆ.

ಟಿವಿಯಲ್ಲಿ ಒಂದು ಕರಡಿ ಒಂದು ನರಿಯನ್ನು ಅಟ್ಟಿಸಿಕೊಂಡು ಓಡುತ್ತಿತ್ತು. ಗುಂಡ ಬಾಯಿ ತೆರೆದು ನೋಡುತ್ತಿದ್ದ. ಪುಟ್ಟಿ ಅವನ ಕಿವಿಗೆ ಬಾಯಿಟ್ಟು ಪಿಸುಗುಡುತ್ತಿದ್ದಳು. ತಮ್ಮ ಮಂಡಿಯೂರಿ ಕೂತು ಕಿವಿಗೊಟ್ಟ.

"ಕರಡಿ ಹೇಳ್ತಿದೆ, ನನ್ನ ಚಪ್ಪಲಿ ಕೊಡೋ ಅಂತ. ನರಿ ಹೇಳ್ತಿದೆ, ನಿನ್ನ ಕಾಲು ದಪ್ಪ ಆಗೋಯ್ತು, ನಿಂಗೆ ಇದು ಆಗಲ್ಲ ಅಂತ."

ತಮ್ಮ ರಿಮೋಟ್ ಒತ್ತಿ ದನಿ ಏರಿಸಿದ. ಕರಡಿ ಗಡಸು ದನಿಯಲ್ಲಿ ಜೇನಿನ ವಿಷಯ ಏನೋ ಹೇಳಿತು. ಗುಂಡ ಬೆಚ್ಚಿಬಿದ್ದು ಎರಡೂ ಕಿವಿ ಮುಚ್ಚಿಕೊಂಡ. ಅವನ ಕೆಳತುಟಿ ನಡುಗತೊಡಗಿತು.

"ಇದು ಸುಳ್ಳು ಕರಡಿ," ಎಂದು ಪುಟ್ಟಿಗೆ ಪಿಸುಗುಟ್ಟಿದ.

ನನಗೆ ನಗು ತಡೆಯಲಾಗಲಿಲ್ಲ. ತಮ್ಮ ನಗಲಿಲ್ಲ. ದನಿ ಮತ್ತೆ ಇಳಿಸಿ, "ಆಮೇಲೆ? ಚಪ್ಪಲಿ ಯಾಕೆ ಕದ್ದಿತ್ತು ನರಿ?" ಎಂದು ಮಗಳನ್ನು ಕೇಳಿದ. ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಚಿಕ್ಕಂದಿನಿಂದಲೂ ಅವನು ಹೀಗೆಯೇ, ಒಂದು ವಿಷಯದ ಬೆನ್ನು ಹತ್ತಿದರೆ ಬಿಡುವವನಲ್ಲ.

ಆಮೇಲೆ ಬಾಡಿಗೆಗೆ ಮನೆ ನೋಡಲು ಬಂದವನ ಹಾಗೆ ತನ್ನ ಮನೆಯಲ್ಲೇ ತಿರುಗಾಡಿದ. ನಲ್ಲಿಯ ಬಾಯಿಗೆ ಕಟ್ಟಿದ ಬಟ್ಟೆಯ ಪಟ್ಟಿ ಕೆಳಗಿನ ಬಕೆಟ್ಟಿನೊಳಗೆ ಇಳಿಬಿದ್ದಿತ್ತು. ನೀರು ಆ ಬಟ್ಟೆಗುಂಟ ಸದ್ದಿಲ್ಲದೆ ಜಾರಿ ಇಳಿಯುತ್ತಿತ್ತು. ಎಷ್ಟೋ ಕಾಲದಿಂದ ಕೆಟ್ಟಿದೆ ಎಂದುಕೊಂಡಿದ್ದ ಕರೆಗಂಟೆಯ ಒಳಗೆ ಹತ್ತಿ ತುರುಕಿದ್ದರು. ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟಿದ್ದ ಆಟದ ಡೋಲಿನ ಚರ್ಮ ಕಿತ್ತು ಅದರಲ್ಲಿ ಬಣ್ಣದ ಕಡ್ಡಿ ತುಂಬಿಸಿದ್ದರು. ಗುಂಡ ಫ್ರಿಜ್ ಬಾಗಿಲು ಮುಚ್ಚುವಾಗ ಸಂದಿಯಲ್ಲಿ ತನ್ನ ಅಂಗೈ ಇಟ್ಟು, ಕೊನೆ ಗಳಿಗೆಯಲ್ಲಿ ಎಳೆದುಕೊಳ್ಳುತ್ತಿದ್ದ. ಮೂರು ವರ್ಷದ ಮಗು ಅದನ್ನು ಎಷ್ಟು ನಾಜೂಕಾಗಿ ಮಾಡುತ್ತಿತ್ತೆಂದರೆ, ತಮ್ಮ ಇನ್ನೊಮ್ಮೆ ಮಾಡಿಸಿ ನೋಡಿದ.

"ಇದೆಲ್ಲ ಯಾರು ಮಾಡಿದ್ದು ಅಕ್ಕ?"

"ಎಲ್ರೂ ಸೇರಿ ಮಾಡಿದ್ದು. ಕುರ್ಚಿ ಕಾಲಿಗೆ ಚೀಲ ಹೊಲಿದಿದ್ದು ನಾನು. ಒಳಗಡೆ ಎರಡು ಪದರ ಉಣ್ಣೆ ಬಟ್ಟೆ ಇದೆ, ಎಳೆದು ನೋಡು," ಎಂದೆ ಹೆಮ್ಮೆಯಿಂದ. ಅವನು ಕುರ್ಚಿ ಎಳೆದು ನೋಡಿದ. ಸದ್ದಾಗಲಿಲ್ಲ. ಆದರೆ ನನ್ನ ಹೊಲಿಗೆಯನ್ನು ಹೊಗಳುವ ಮುಖ ಅವನದಾಗಿರಲಿಲ್ಲ.

ಅದೇ ಹೊತ್ತಿಗೆ ಗುಂಡ ಓಡಿಬಂದು ಹೊಸ್ತಿಲು ಎಡವಿ ಮೊಣಕಾಲಿನ ಮೇಲೆ ಬಿದ್ದ. ಚರ್ಮ ಕಿತ್ತು ರಕ್ತ ಬಂತು. ಮಗುವಿನ ಬಾಯಿ ಅಗಲವಾಗಿ ತೆರೆದುಕೊಂಡಿತು, ಕಣ್ಣಲ್ಲಿ ಬಳಬಳ ನೀರು, ಸದ್ದು ಮಾತ್ರ ಇಲ್ಲ. ಎದ್ದು ಕುಂಟುತ್ತಾ ಹೋಗಿ ಸೋಫಾದ ಮೇಲಿದ್ದ ದಿಂಬಿನಲ್ಲಿ ಮುಖ ಹುದುಗಿಸಿದ. ಆಗ ಅಳು ಬಂತು, ಎಲ್ಲೋ ಮೂರನೇ ಮನೆಯಲ್ಲಿ ಮಗು ಅಳುತ್ತಿರುವ ಹಾಗೆ.

ತಮ್ಮ ಅವನನ್ನು ಎತ್ತಿಕೊಂಡ. "ದಿಂಬಲ್ಲಿ ಯಾಕೋ ಅಳ್ತೀಯ, ಕಂದ?"

ಉತ್ತರ ಕೊಟ್ಟವಳು ಪುಟ್ಟಿ. "ಅಲ್ಲಿ ಅತ್ರೆ ಕೇಳ್ಸಲ್ಲ."

"ಯಾರಿಗೆ?"

ಪುಟ್ಟಿ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ.

"ನಿಂಗೆ," ಎಂದಳು.

ಮಕ್ಕಳು ಮಲಗಿದ ಮೇಲೆ ಕೇಳುತ್ತೇನೆ ಎಂದು ಅವನು ಕಾಯಲಿಲ್ಲ. ಅಲ್ಲೇ ಸೋಫಾದ ಮೇಲೆ ಕೂತು, ಮಗುವಿನ ಮಂಡಿಗೆ ಔಷಧ ಹಚ್ಚುತ್ತಾ ನನ್ನನ್ನು ಹಿಡಿದು ಕೇಳಿದ. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ, ಹೇಳಿದೆ.

"ಆಗ ಪುಟ್ಟಿ ಇವನಿಗಿಂತ್ಲೂ ಚಿಕ್ಕವಳು. ತಟ್ಟೆ ಬೀಳಿಸಿದ್ಲು. ನೀನು ಎದ್ದು ಬಂದು ಸೂರು ಹಾರಿಹೋಗೋ ಹಾಗೆ ಕೂಗಿದೆ. ಕಣ್ಣೇನೋ ಬಿಟ್ಟಿದ್ದೆ, ಒಳಗೆ ಎಚ್ಚರ ಇರ್ಲಿಲ್ಲ. ವಾಪಸ್ ಹೋಗಿ ಮಲಗಿದೆ. ಸಂಜೆ ಎದ್ದು, ಮಗು ಯಾಕೆ ಸಪ್ಪಗಿದೆ ಅಂತ ನೀನೇ ಕೇಳಿದೆ."

"ಹೊಡೆದ್ನಾ?"

"ಇಲ್ಲಪ್ಪ. ಕೂಗಿದ್ದೇ ಸಾಕಾಯ್ತು. ಆಮೇಲೂ ಒಂದೆರಡು ಸಲ ಆಗಿದೆ. ದುಡಿದು ಬಂದವನ ನಿದ್ದೆ ಕೆಡಬಾರ್ದು ಅಂತ ಎಲ್ರೂ ಹಿಂಗೆ ಅಭ್ಯಾಸ ಮಾಡ್ಕೊಂಡ್ವಿ."

ಅವನಿಗೆ ಒಂದೂ ನೆನಪಿರಲಿಲ್ಲ. ಹಚ್ಚಿದ ಜಾಗಕ್ಕೇ ಮತ್ತೆ ಔಷಧ ಹಚ್ಚಿದ. ಶಾಲೆಯಲ್ಲಿ ಮಗಳು ಬಾಯಿ ಬಿಡದಿರುವುದಕ್ಕೂ ಈ ಮನೆಗೂ ಇರುವ ನಂಟು ಅವನಿಗೆ ಆಗಲೇ ಹೊಳೆದುಬಿಟ್ಟಿತ್ತು. ನನಗೆ ಹೊಳೆದದ್ದು ಅವನ ಮುಖ ನೋಡಿದ ಮೇಲೆ.

ಭಾನುವಾರ ಮನೆಯಲ್ಲಿ ಕೂಗುವ ಪಂದ್ಯ. ಯಾರು ಜೋರಾಗಿ ಕೂಗುತ್ತಾರೋ ಅವರಿಗೆ ಕೆನೆ ಬನ್ನು. ಮೊದಲು ಇವನೇ ಕೂಗಿ ತೋರಿಸಿದ. ಮಹಡಿಯಲ್ಲಿ ನನ್ನ ಕೈಯಿಂದ ಕತ್ತರಿ ಬಿತ್ತು. ಇಳಿದು ನೋಡಿದರೆ ಮಕ್ಕಳಿಬ್ಬರೂ ಗೋಡೆಗೆ ಒತ್ತಿಕೊಂಡು, ಅಪ್ಪನಿಗೆ ಏನಾಯಿತಪ್ಪ ಎಂದು ಪಿಳಿಪಿಳಿ ಕಣ್ಣುಬಿಡುತ್ತಿದ್ದವು. ಪುಟ್ಟಿ ಅವನ ಮನಸ್ಸು ನೋಯಬಾರದೆಂದು ಕೊರಳು ಉಬ್ಬಿಸಿ, ಕಣ್ಣು ಬಿಗಿದು, ಇದ್ದ ಶಕ್ತಿಯನ್ನೆಲ್ಲ ಹಾಕಿದಳು. ಬಂದದ್ದು ಗಾಳಿ. ಕೊನೆಗೆ ಬನ್ನನ್ನು ಎಲ್ಲರಿಗೂ ಪಾಲು ಮಾಡಿದ.

ಮಧ್ಯಾಹ್ನ ಬಟ್ಟೆ ಒಗೆಯಲು ಹಾಕಿದ್ದ. ಅವರ ವಾಷಿಂಗ್ ಮಷೀನ್ ಹಳೆಯದು. ಕೊನೆಯಲ್ಲಿ ನೀರು ಹಿಂಡಲು ಗಿರಗಿರ ಸುತ್ತುವಾಗ ಇಡೀ ಕಟ್ಟಡವೇ ನಡುಗುತ್ತದೆ. ಅದು ಗುಡುಗತೊಡಗಿದ್ದೇ ತಡ, ಎರಡೂ ಮಕ್ಕಳು ಇದ್ದಲ್ಲಿಂದ ಎದ್ದು ಓಡಿದವು. ಮಷೀನನ್ನು ಎರಡು ಕಡೆಯಿಂದ ತಬ್ಬಿಕೊಂಡು ಹಾಡತೊಡಗಿದವು. ಹಾಡು ಎಂದರೆ ಅವರೇ ಕಟ್ಟಿದ್ದು, ತಲೆಬುಡವಿಲ್ಲದ್ದು, ಅದರಲ್ಲಿ ಕರಡಿಯೂ ಇತ್ತು, ಚಪ್ಪಲಿಯೂ ಇತ್ತು. ಪುಟ್ಟಿಯ ದನಿ ಮಷೀನಿನ ಗುಡುಗನ್ನು ಸೀಳಿಕೊಂಡು ಬಂತು. ದಪ್ಪ ದನಿ, ತುಂಬು ದನಿ. ನಮ್ಮ ಮನೆತನದಲ್ಲಿ ಯಾರಿಗೂ ಅಂಥ ಕಂಠವಿಲ್ಲ.

ಬೇಕರಿಯಲ್ಲಿ ರಾತ್ರಿಯಿಡೀ ಹಿಟ್ಟು ಕಲೆಸುವ ಯಂತ್ರದ ಪಕ್ಕ ನಿಲ್ಲುವವನು ಅವನು. ಏಕತಾನದ ಸದ್ದು ಎಷ್ಟು ಜೋರಿದ್ದರೂ ಅವನಿಗೆ ಎಚ್ಚರವಾಗುವುದಿಲ್ಲ. ಅದನ್ನು ಮಕ್ಕಳು ಯಾವಾಗಲೋ ಕಂಡುಹಿಡಿದುಬಿಟ್ಟಿದ್ದವು. ವಾರಕ್ಕೆ ಎರಡು ಸಲ, ಅವನು ಮಲಗಿದ್ದ ಕೋಣೆಯ ಗೋಡೆಯಾಚೆಗೇ ಈ ಕಛೇರಿ ನಡೆಯುತ್ತಿತ್ತು. ಅವನು ಬಾಗಿಲಲ್ಲಿ ನಿಂತು ಕೇಳಿದ. ಅವನ ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು. ಮಷೀನ್ ನಿಂತಿತು. ಹಾಡೂ ನಡುಮಾತಿನಲ್ಲಿ ನಿಂತಿತು.

ತಮ್ಮ ಖಾಲಿ ಮಷೀನನ್ನೇ ಮತ್ತೆ ತಿರುಗಿಸಿದ. ಮತ್ತೆ ಹಾಡು. ಮತ್ತೊಮ್ಮೆ ತಿರುಗಿಸಲು ಹೋದಾಗ ಪುಟ್ಟಿ ಅವನ ಅಂಗಿ ಎಳೆದಳು. ಆರು ವರ್ಷದ್ದಾದರೂ ತಲೆ ಚುರುಕು.

"ಅಪ್ಪ, ಸ್ಕೂಲಲ್ಲಿ ಮಷೀನ್ ಇಲ್ಲ," ಎಂದು ಪಿಸುಗುಟ್ಟಿದಳು.

ಸೋಮವಾರ ರಾತ್ರಿ ಕೆಲಸಕ್ಕೆ ಹೋಗಬೇಕಾದ್ದರಿಂದ ಮಧ್ಯಾಹ್ನ ಮಲಗಲೇಬೇಕಿತ್ತು. ಮಲಗುವ ಮುಂಚೆ ಮಗಳನ್ನು ಕೂರಿಸಿಕೊಂಡು ಹೇಳಿದ, "ಸಂಜೆ ನೀನೇ ನನ್ನ ಎಬ್ಬಿಸ್ಬೇಕು. ಮುಟ್ಟಿ ಅಲ್ಲ, ಬಾಗಿಲಲ್ಲಿ ನಿಂತು ಕೂಗಿ. ನಾನು ಬೈಯಲ್ಲ."

"ಖಂಡಿತ?"

"ಖಂಡಿತ."

ಇದು ಬೇಡ ಕಣೋ ಎಂದು ನನ್ನ ನಾಲಿಗೆ ತುದಿಯವರೆಗೆ ಬಂದಿತ್ತು. ಸಂಜೆ ನಾನು ಅಲ್ಲೇ ಇದ್ದೆ. ಪುಟ್ಟಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ಉಗುರು ಕಡಿದಳು. "ಅಪ್ಪ" ಎಂದಳು, ನನಗೇ ಕೇಳಲಿಲ್ಲ. ಇನ್ನೊಮ್ಮೆ ಅಂದಳು. ಆಮೇಲೆ ಧೈರ್ಯ ಮಾಡಿ, "ಅಪ್ಪಾ, ಎದ್ದೇಳು" ಎಂದಳು, ಬೇರೆ ಮನೆಗಳಲ್ಲಿ ಮಕ್ಕಳು ಸುಮ್ಮನೆ ಮಾತಾಡುವಷ್ಟು ದನಿಯಲ್ಲಿ.

ಹಾಸಿಗೆಯಿಂದ ಗರ್ಜನೆ ಬಂತು. "ಯಾರದು ಗಲಾಟೆ? ನಡೀರಿ ಆಚೆ!"

ಗುಂಡ ದಿಂಬಿಗೆ ಓಡಿದ. ಪುಟ್ಟಿ ಮೇಜಿನ ಕೆಳಗೆ ಹೊಕ್ಕಳು. ಈ ಸಲ ನಾನು ಬಿಡಲಿಲ್ಲ. ಒಳಗೆ ಹೋಗಿ ಅವನ ಭುಜ ಹಿಡಿದು ಅಲ್ಲಾಡಿಸಿ, ಪೂರ್ತಿ ಎಚ್ಚರ ಮಾಡಿ, "ನೋಡು ಬಾ" ಎಂದು ಎಳೆದುಕೊಂಡು ಬಂದೆ. ಅವನು ಬಂದು ನೋಡಿದ. ನೆಲದ ಮೇಲೆ ಕೂತು, ಆಮೇಲೆ ಅಂಗಾತ ಮಲಗಿ, ಮೇಜಿನ ಕೆಳಗೆ ತಲೆ ತೂರಿಸಿದ.

"ತಪ್ಪಾಯ್ತು ಪುಟ್ಟಿ. ಕೂಗಿದ್ದು ನನಗೆ ಗೊತ್ತೇ ಆಗ್ಲಿಲ್ಲ. ಅದು ನಿದ್ದೆ ಕೂಗಿದ್ದು."

ನಾನು ಬಗ್ಗಿ ನೋಡಿದೆ. ಪುಟ್ಟಿಯ ಮುಖದಲ್ಲಿ ಭಯ ಇನ್ನೂ ಇತ್ತು, ಆದರೆ ಹುಬ್ಬು ಮೇಲೇರಿತ್ತು. ಆ ಹುಬ್ಬು ಥೇಟ್ ಅವಳಪ್ಪನದು.

"ನಿದ್ದೆಗೆ ನಾನು ಯಾರು ಅಂತ ಗೊತ್ತಾಗಲ್ವಾ?"

"ಗೊತ್ತಾಗಲ್ಲ. ಅದಕ್ಕೆ ಕಣ್ಣಿಲ್ಲ."

"ನೀನು ಆಗ ಎಲ್ಲಿರ್ತೀಯ?"

ತಮ್ಮ ಯೋಚಿಸಿದ. ಮಕ್ಕಳ ಪ್ರಶ್ನೆಗೆ ಬಾಯಿಗೆ ಬಂದದ್ದು ಹೇಳಿ ಸಾಗಹಾಕುವ ಜಾತಿಯಲ್ಲ ಅವನು. "ಅದರ ಹಿಂದೆ ಇರ್ತೀನಿ, ತುಂಬಾ ಒಳಗೆ. ಕೇಳಿಸೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ."

"ಅದು ಬೈತಿದ್ರೂ ಕೂಗ್ಬೇಕಾ?"

"ಬೈತಿದ್ರೂ ಕೂಗು. ನಾನು ಬಂದೇ ಬರ್ತೀನಿ."

ಪುಟ್ಟಿ ಮೇಜಿನ ಕೆಳಗಿನಿಂದ ಮಾತ್ರ ಹೊರಗೆ ಬರಲಿಲ್ಲ. ಆ ರಾತ್ರಿ ಅವನು ಮಂಕಾಗಿ ಬೇಕರಿಗೆ ಹೋದ. ಮೂರು ದಿನ ಪಟ್ಟ ಪಾಡೆಲ್ಲ ನೀರುಪಾಲಾಯಿತು ಎಂದುಕೊಂಡೆ ನಾನು.

ಮಂಗಳವಾರ ಬೆಳಿಗ್ಗೆ ಅವನು ಬೇಕರಿಯಿಂದ ನೇರವಾಗಿ ಶಾಲೆಗೇ ಬಂದ. ಕಿವಿಯ ಹಿಂದೆ, ಹುಬ್ಬಿನಲ್ಲಿ ಹಿಟ್ಟು ಹಾಗೇ ಇತ್ತು. ಹೊಸ ಒಲೆಯ ಮೊದಲ ದಿನವಂತೆ, ಬೆನ್ನು ನೆಟ್ಟಗೆ ಮಾಡಲೂ ಪುರುಸೊತ್ತು ಸಿಕ್ಕಿರಲಿಲ್ಲ. ಅವನ ಹೆಂಡತಿ ಕೌಂಟರಿಗೆ ಹೋಗಲೇಬೇಕಿತ್ತು. ಹಾಗಾಗಿ ಪುಟ್ಟಿಯನ್ನು ನಾನು ಕರೆತಂದಿದ್ದೆ, ಬಾಲದ ಹಾಗೆ ಗುಂಡನೂ ಬಂದಿದ್ದ. ದೊಡ್ಡ ಮೇಡಂ ಕೋಣೆಯ ಎದುರು ಉದ್ದನೆಯ ಬೆಂಚಿತ್ತು. ಟೀಚರ್ ಬಂದು ಪುಟ್ಟಿಯನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲು ತೆರೆದೇ ಇತ್ತು.

"ಮಲಗ್ಬಿಟ್ಟೀಯ ಮತ್ತೆ," ಎಂದೆ.

"ಏ, ಹೋಗಕ್ಕ. ಇವತ್ತು ನಿದ್ದೆ ಬರುತ್ತಾ?" ಎಂದ.

ಗುಂಡ ನೀರು ಬೇಕು ಎಂದ. ಅವನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ನನ್ನ ತಮ್ಮ ಗೋಡೆಗೆ ತಲೆ ಆನಿಸಿ, ಬಾಯಿ ತೆರೆದು, ಒಳ್ಳೇ ಗೊರಕೆ ಹೊಡೆಯುತ್ತಿದ್ದ. ಒಳಗೆ ಪುಟ್ಟಿ ಪುಸ್ತಕ ಹಿಡಿದು ನಿಂತಿದ್ದಳು. ನಿಂತಲ್ಲಿಂದ ಅವಳಿಗೆ ಬೆಂಚು ಕಾಣುತ್ತಿತ್ತು. ಅವಳು ಪುಸ್ತಕ ನೋಡುತ್ತಿರಲಿಲ್ಲ, ಅಪ್ಪನನ್ನು ನೋಡುತ್ತಿದ್ದಳು. ತುಟಿ ಗಟ್ಟಿಯಾಗಿ ಮುಚ್ಚಿತ್ತು. ಅಪ್ಪ ಮಲಗಿದ್ದಾನೆ, ಇನ್ನು ಸದ್ದು ಮಾಡುವ ಮಾತೇ ಇಲ್ಲ. ಎಂಥ ಕೆಲಸ ಮಾಡಿದೆಯೋ ಪುಣ್ಯಾತ್ಮ, ಎಲ್ಲ ಬಿಟ್ಟು ಇವತ್ತೇ ಮಲಗಬೇಕಾಗಿತ್ತೇ ಎಂದು ಶಪಿಸುತ್ತಾ ಅವನನ್ನು ತಿವಿಯಲು ಹೊರಟೆ.

"ಓದು ಮಗು. ಹೆದರ್ಬೇಡ," ಎನ್ನುತ್ತಿದ್ದರು ದೊಡ್ಡ ಮೇಡಂ.

ಪುಟ್ಟಿ ಪುಸ್ತಕ ಸಮೇತ ಕೋಣೆಯಿಂದ ಹೊರಗೆ ಬಂದಳು. ಟೀಚರ್ ಅವಳ ಹಿಂದೆ ಬಂದರು. ಅವಳು ನನ್ನನ್ನು ದಾಟಿ ಹೋಗಿ ಅಪ್ಪನ ಮೊಣಕಾಲಿನ ಹತ್ತಿರ ನಿಂತಳು. ಪುಸ್ತಕ ಎದೆಯ ಮಟ್ಟಕ್ಕೆ ಹಿಡಿದು ಓದಿದಳು.

"ಕೆರೆಯ ದಂಡೆಯಲ್ಲಿ ಒಂದು ಆಮೆ ಇತ್ತು."

ಕಣ್ಣು ಮುಚ್ಚಿಕೊಂಡೇ ತಮ್ಮ ಗುರುಗುಟ್ಟಿದ. "ಯಾರದು... ಸುಮ್ನಿರಿ."

ಗುಂಡ ನನ್ನ ಸೀರೆಯಲ್ಲಿ ಮುಖ ಮುಚ್ಚಿಕೊಂಡ. ಪುಟ್ಟಿಯ ಕಾಲು ಹಿಂದೆ ಸರಿಯಲಿಲ್ಲ. ಅವಳು ಉಸಿರು ಎಳೆದುಕೊಂಡಳು.

"ಕೆರೆಯ ದಂಡೆಯಲ್ಲಿ ಒಂದು ಆಮೆ ಇತ್ತು. ಒಂದು ದಿನ ಅದು ಯಾರಿಗೂ ಹೇಳದೆ ಮನೆ ಬಿಟ್ಟು ಹೊರಟಿತು."

ಎದುರಿನ ಕ್ಲಾಸಿನ ಕಿಟಕಿಯಲ್ಲಿ ತಲೆಗಳು ಮೂಡಿದವು. ಆ ಕಡೆಯಲ್ಲಿ ಪಾಠ ಮಾಡುತ್ತಿದ್ದ ಮೇಷ್ಟರು ಪಾಠ ನಿಲ್ಲಿಸಿದರು. ತಮ್ಮ ಕಣ್ಣು ಬಿಟ್ಟ. ಒಂದು ಗಳಿಗೆ ಎಲ್ಲಿದ್ದೇನೆಂದು ತಿಳಿಯದೆ ನೋಡಿದ, ಆಮೇಲೆ ಮಗಳನ್ನು ನೋಡಿದ. ಬೆನ್ನು ನೆಟ್ಟಗೆ ಮಾಡಿ ಕೂತ.

ದೊಡ್ಡ ಮೇಡಂ ಬಾಗಿಲಿಗೆ ಬಂದಿದ್ದರು. "ಸಾಕು ಮಗು, ಕೇಳಿಸ್ತು. ಇಡೀ ಸ್ಕೂಲಿಗೇ ಕೇಳಿಸ್ತು. ನೀನು ಮುಂದಿನ ಕ್ಲಾಸಿಗೆ ಹೋಗ್ಬಹುದು."

"ಸ್ವಲ್ಪ ತಡೀರಿ ಮೇಡಂ," ಎಂದ ನನ್ನ ತಮ್ಮ. "ಆ ಆಮೆ ಎಲ್ಲಿಗೆ ಹೋಯ್ತು ಅಂತ ನನಗೆ ಗೊತ್ತಾಗ್ಬೇಕು."

ಪುಟ್ಟಿ ಹಾಳೆ ತಿರುವಿ ಮುಂದಕ್ಕೆ ಓದಿದಳು.